ಕುಕ್ಕರಿನ ಸೀಟಿಗೆ ತಿರುಗದ ಅಪ್ಪಾಸಾಹೇಬರು

ನನ್ನ ಮಗಳು ಸುರಭಿಗೆ ಎರಡೂವರೆ ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೂ, ಆಫೀಸಿನ ಮೀಟಿಂಗಿನ ನಡುವೆಯೂ ಈ ಚಿಂತೆ ಬೆನ್ನು ಬಿಡುತ್ತಿರಲಿಲ್ಲ. ಯಾರೊಡನೆಯಾದರೂ ಹೇಳಿಕೊಳ್ಳಲು ಬಾಯಿ ತೆರೆದರೆ ಅರ್ಧ ಗಂಟೆಗೆ ಮೊದಲು ಮುಚ್ಚುತ್ತಿರಲಿಲ್ಲ. ಅಂಥ ನನಗೆ, ಫೋನಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಮಾತಾಡದ ಮನುಷ್ಯರೊಬ್ಬರು ಮೇಲಿನ ಮನೆಯಲ್ಲೇ ಸಿಕ್ಕಿದ್ದು ವಿಧಿಯ ವಿನೋದ.

ಅಪ್ಪಾಸಾಹೇಬರು ಫೋನೆತ್ತಿ ಹಲೋ ಎನ್ನುವುದಿಲ್ಲ. ಕಿವಿಗಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಾರೆ. ಆ ಕಡೆಯವರು ಹಲೋ ಹಲೋ ಎಂದು ಗಾಬರಿಯಾಗಿ, ತಾವು ಯಾರು, ಯಾಕೆ ಮಾಡಿದ್ದು ಎಂದು ಹೇಳಿ ಮುಗಿಸಿದ ಮೇಲೆ ಇವರಿಂದ ಎರಡು ವಾಕ್ಯ ಹೊರಡುತ್ತವೆ. ಆಮೇಲೆ "ಮುಗೀತು" ಎಂಬ ಒಂದೇ ಪದ, ಅಲ್ಲಿಗೆ ಫೋನು ಕಟ್. ಇದೇಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಭಾಳ ಹೊತ್ತು ಮಾತಾಡಿದಾಂವ ಎಲ್ಲಿದ್ದಾನಂತ ಗೊತ್ತಾಗಿಬಿಡ್ತದ ತಂಗಿ" ಎಂದಿದ್ದರು. ಅವರನ್ನು ಹುಡುಕುವ ಶತ್ರು ಮರಾಠಿ ನಾಡಿನ ನಮ್ಮ ಧಾನೋರಿ ಬಡಾವಣೆಯಲ್ಲಿ ಯಾರೂ ಇರಲಿಲ್ಲ. ಅಭ್ಯಾಸ ಮಾತ್ರ ಉಳಿದುಕೊಂಡಿತ್ತು.

ಇಂಡಿ ತಾಲ್ಲೂಕಿನಿಂದ ಹದಿನೆಂಟಕ್ಕೇ ವಾಯುಸೇನೆಗೆ ಸೇರಿ, ವಾರಂಟ್ ಆಫೀಸರಾಗಿ ನಿವೃತ್ತರಾಗಿ, ವಿಮಾನಗಳ ಸದ್ದು ಬಿಟ್ಟಿರಲಾರದೆಯೋ ಏನೋ, ಲೋಹೆಗಾಂವ್ ವಾಯುನೆಲೆಯ ಪಕ್ಕದಲ್ಲೇ ಮನೆ ಮಾಡಿದವರು ಅವರು. ಅವರ ಸೇವೆಯ ಬಹುಭಾಗ ಕಳೆದದ್ದು ಎದುರಾಳಿಯ ಸಂದೇಶಗಳನ್ನು ಆಕಾಶದಿಂದಲೇ ಆಲಿಸುವ, ಆಜ್ಞೆಯಾದಾಗ ಅವುಗಳ ಮೇಲೆ ಗದ್ದಲ ಸುರಿದು ಕೆಡಿಸುವ ವಿಮಾನದಲ್ಲಿ. ನೋಡಲು ಅದು ಸಾಮಾನು ಸಾಗಿಸುವ ವಿಮಾನದಂತೆಯೇ ಇತ್ತಂತೆ. ಹೊಟ್ಟೆಯ ಕೆಳಗೆ ಆಂಟೆನಾಗಳು ಮುಳ್ಳಿನಂತೆ ಚಾಚಿಕೊಂಡಿದ್ದವು ಎಂಬುದಷ್ಟೇ ವ್ಯತ್ಯಾಸ. ಇವರು ಕೂರುವ ಕೋಣೆಗೆ ಕಿಟಕಿಯಿರಲಿಲ್ಲ. "ಇಪ್ಪತ್ತೆರಡು ವರ್ಷ ಹಾರೀನಿ. ಮುಗಿಲು ನೋಡಿಲ್ಲ" ಎನ್ನುವಾಗ ಅವರ ದನಿಯಲ್ಲಿ ದುಃಖವೂ ಇಲ್ಲ, ಹೆಮ್ಮೆಯೂ ಇಲ್ಲ.

ಏಪ್ರಿಲ್ ತಿಂಗಳ ಬಿಸಿಲಲ್ಲೂ ಅವರು ಮೊಣಕೈ ಸವೆದ ನೀಲಿ ಜಾಕೆಟ್ಟು ಬಿಡುವುದಿಲ್ಲ. ಆ ಕೋಣೆಯ ಯಂತ್ರಗಳು ಬಿಸಿಯಾಗದಿರಲೆಂದು ಎಸಿಯನ್ನು ಅತಿಯಾಗಿ ಓಡಿಸುತ್ತಿದ್ದರಂತೆ. ಯಂತ್ರಗಳ ಸುಖಕ್ಕಾಗಿ ಮನುಷ್ಯರು ನಡುಗಬೇಕಿತ್ತು, ಆ ನಡುಕ ಮೈಯಲ್ಲೇ ಮನೆ ಮಾಡಿತು. ನಡೆಯುವಾಗ ಎಡಗಿವಿ ಮುಂದಾಗಿ ತಲೆ ಓರೆ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸಭೆಯಲ್ಲಿ ನೀರಿನ ಟ್ಯಾಂಕರಿನ ವಿಷಯಕ್ಕೆ ಇಪ್ಪತ್ತು ಜನ ಒಟ್ಟಿಗೆ ಕೂಗಾಡಿದ ದಿನ ಅವರು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಹೋದರೆಂದು ನಾವು ನಕ್ಕೆವು. ಗಲಾಟೆ ತಣ್ಣಗಾದ ಮೇಲೆ ಎದ್ದು, ಬಾಗಿಲ ಬಳಿ ನಿಂತಿದ್ದ ಹೆಂಗಸಿನತ್ತ ಕೈ ತೋರಿಸಿ ಮರಾಠಿಯಲ್ಲಿ, "ಇವರು ಮೂರು ಸಲ ಒಂದೇ ಪ್ರಶ್ನೆ ಕೇಳಿದರು, ಯಾರೂ ಉತ್ತರ ಕೊಡಲಿಲ್ಲ" ಎಂದು ಹೇಳಿ ಕೂತರು. ಅವರ ಹೆಂಡತಿ ಸುಮಂಗಲಾ ಕಾಕು ನನ್ನ ಪಕ್ಕದಲ್ಲಿ ಗೊಣಗಿದ್ದು ನೆನಪಿದೆ: "ಊರವ್ರ ಮಾತೆಲ್ಲಾ ಕೇಳಸ್ತದ ನೋಡವಾ. ನಾ ಮೆಂತೆಪಲ್ಲೆ ತರ್ರಿ ಅಂದದ್ದು ಮಾತ್ರ ಜಾಮ್ ಆಗ್ತದ."

ತಮ್ಮ ಕೆಲಸದ ಬಗ್ಗೆ ಅವರು ಹೇಳಿದ್ದು ಒಂದೇ ಪ್ರಸಂಗ. ಯಾವುದೋ ಸಮರಾಭ್ಯಾಸದಲ್ಲಿ, ನೆಲದ ಮೇಲಿದ್ದ ನಮ್ಮದೇ ಸೇನೆಯ ರೇಡಿಯೋ ಆಪರೇಟರೊಬ್ಬನ ಚಾನೆಲನ್ನು ಇವರು ಜಾಮ್ ಮಾಡಬೇಕಿತ್ತು. ನಡುನಡುವೆ ಗದ್ದಲ ನಿಲ್ಲಿಸಿ, ಅವನೇನು ಮಾಡುತ್ತಿದ್ದಾನೆಂದು ಆಲಿಸುವುದು ರೂಢಿ. "ಜಾಮ್ ಅಂದ್ರ ಬಾಯಿ ಕಟ್ಟೂದಂತ ಎಲ್ಲಾರೂ ತಿಳದಾರ. ಬಾಯಿಗೆ ಏನೂ ಮಾಡಾಂಗಿಲ್ಲ, ಕಿವಿ ತುಂಬತೀವಿ. ಅಂವನ ಮಾತು ಹೊಂಟಿತ್ತು, ನಮಗ ಸ್ವಚ್ಛ ಕೇಳಸ್ತಿತ್ತು. ಉತ್ತರ ಅಂವಗ ಕೇಳಸ್ತಿದ್ದಿಲ್ಲ. ಪಾಪ, ತನ್ನ ಮೈಕ್ ಕೆಟ್ಟದ ಅಂತ ತಿಳದು ಕೂಗಿದ, ಬಡದು ನೋಡಿದ, ಮತ್ತ ಕೂಗಿದ." ಅಷ್ಟು ಹೇಳಿ ನಿಲ್ಲಿಸಿದರು. ಮುಂದೇನಾಯಿತೆಂದು ಕೇಳಿದರೆ, "ಉಳದದ್ದು ಹೇಳಾಂಗಿಲ್ಲ" ಎಂದರು. ಆ ಕಥೆಯನ್ನು ನಾನು ಅಂದು ಕೇವಲ ವಿಮಾನದ ಕಥೆಯಾಗಿ ಕೇಳಿದ್ದೆ.

ಸುರಭಿಯ ಮೌನಕ್ಕೆ ನಾನು ಕಂಡುಹಿಡಿದಿದ್ದ ಕಾರಣವೇ ಬೇರೆ: ಮನೆಯಲ್ಲಿ ಕನ್ನಡ, ಕೆಲಸಕ್ಕೆ ಬರುವ ಅಂಬಾಳ ಮರಾಠಿ, ಪ್ಲೇಸ್ಕೂಲಿನ ಇಂಗ್ಲಿಷು, ಇಷ್ಟು ಭಾಷೆಗಳ ನಡುವೆ ಮಗು ಗೊಂದಲಕ್ಕೆ ಬಿದ್ದಿದೆ. ಮಗುವಿನ ಮುಂದೆ ಮರಾಠಿ ಬೇಡವೆಂದು ಅಂಬಾಳಿಗೆ ಹೇಳಿದಾಗ ಆಕೆ ಪೊರಕೆ ನಿಲ್ಲಿಸಿ, "ಹಾಗಾದರೆ ಒಂದು ಮನೆಗೆ ಇಬ್ಬರು ಮೂಗಿಯರು" ಎಂದು ಮರಾಠಿಯಲ್ಲೇ ಚುಚ್ಚಿದಳು. ನಾನಂತೂ ಚಿತ್ರದ ಪುಸ್ತಕ ಹಿಡಿದು ದಿನವಿಡೀ, ದಿನದಿನಕ್ಕೆ ದನಿಯೇರಿಸಿ, ಮಾತಾಡಿಯೇ ಮಾತಾಡಿದೆ. ಕಿವಿಯ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಧಾನೋರಿಯ ಮನೆಗಳ ಮೇಲೆ ಯುದ್ಧವಿಮಾನ ಹಾದಾಗಲೆಲ್ಲ ಸುರಭಿ ಕತ್ತೆತ್ತಿ ನೋಡುತ್ತಿದ್ದಳು. ಇನ್ನೇನು ಸಾಕ್ಷಿ ಬೇಕು?

ಅದೇ ಸಾಕ್ಷಿಯನ್ನು ಒಂದು ಭಾನುವಾರ ಬೆಳಿಗ್ಗೆ ಅಪ್ಪಾಸಾಹೇಬರ ಮುಂದಿಟ್ಟೆ. ಅವರ ಮನೆಯ ನೆಲದ ಮೇಲೆ ಸುರಭಿ ಬಟ್ಟಲುಗಳನ್ನು ಪೇರಿಸುತ್ತಿದ್ದಳು. ವಿಮಾನ ಬಂತು, ಅವಳು ತಲೆಯೆತ್ತಿದಳು. "ನೋಡಿ ಕಾಕಾ, ಕಿವಿ ಎಷ್ಟು ಚುರುಕು. ಮಾತೊಂದೇ ಬರ್ತಿಲ್ಲ" ಎಂದೆ.

ಸದ್ದು ಪೂರ್ತಿ ಅಡಗುವ ತನಕ ಅವರು ಕಾದರು. "ಅಷ್ಟು ದೊಡ್ಡ ಸಪ್ಪಳ ಎದೀಗೂ ಬಡೀತದ ತಂಗಿ. ನೆಲಾನೂ ನಡಗತದ. ಅದರಿಂದ ಕಿವೀದು ಗೊತ್ತಾಗಂಗಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

"ಈಗ ಸೊಲ್ಪ ಹೊತ್ತಿನ ಹಿಂದ ಒಳಗ ಕುಕ್ಕರ್ ಸೀಟಿ ಹೊಡೀತು. ಹೌದಿಲ್ಲ?"

"ಹೌದು, ಎರಡು ಸಲ."

"ನನಗ ಕೇಳಸಿಲ್ಲ. ಹೆಡ್‌ಫೋನ್ ಹಾಕಿ ಹಾಕಿ ನನ್ನ ಕಿವಿಯಾಗ ಮ್ಯಾಲಿನ ಸ್ವರ ಹೋಗಿ ಭಾಳ ವರ್ಷ ಆತು. ಅಂಥ ಸಪ್ಪಳ ಆದದ್ದು ನಿಮ್ಮ ಮಾರಿ ನೋಡಿ ತಿಳಕೋತೀನಿ. ಸೀಟಿ ಆದಾಗ ಸುಮಂಗಲಾ ಅಡಗಿಮನಿ ಕಡೆ ತಿರಗಿದಳು, ನೀ ತಿರಗಿದಿ. ನಾವಿಬ್ಬರು ತಿರಗಲಿಲ್ಲ."

ನಾವಿಬ್ಬರು ಎನ್ನುವಾಗ ಅವರು ಸುರಭಿಯನ್ನು ನೋಡಿದರು. ಆಮೇಲೆ ಅವಳ ಬೆನ್ನ ಹಿಂದೆ ನಿಂತು ಬೀಗದ ಕೈಗೊಂಚಲನ್ನು ಮೆಲ್ಲಗೆ ಅಲ್ಲಾಡಿಸಿದರು. ಬಟ್ಟಲು ಬಟ್ಟಲಿನ ಮೇಲೆ ಕೂತಿತು, ಅವಳು ತಿರುಗಲಿಲ್ಲ.

"ನಾ ಡಾಕ್ಟರ್ ಅಲ್ಲ. ಆದ್ರ ಕೂಸಿನ ಮೈಕ್ ಕೆಟ್ಟಿಲ್ಲ ಅನಸ್ತದ. ಕಿವಿ ತೋರಸು."

ನಾನು ಮಗುವನ್ನೆತ್ತಿಕೊಂಡು ಇಳಿದುಬಂದೆ. ಅಂದು ಸಂಜೆ ನಮ್ಮ ಬಾಗಿಲ ಸಂದಿಯಲ್ಲಿ ಒಂದು ಚೀಟಿಯಿತ್ತು: ಅವರೂ ತಮ್ಮ ಕಿವಿ ತೋರಿಸಿಕೊಳ್ಳುವ, ಕ್ಯಾಂಪ್ ಬಡಾವಣೆಯ ಶ್ರವಣ ಪರೀಕ್ಷೆಯ ಕ್ಲಿನಿಕ್ಕಿನ ನಂಬರು. ಕೆಳಗೆ "ಬೇಗ" ಎಂಬ ಒಂದು ಪದ. ಹನ್ನೊಂದು ದಿನ ಆ ಚೀಟಿಯನ್ನು ಫ್ರಿಜ್ಜಿನ ಮೇಲಿಟ್ಟು ನೋಡಿದೆ. ಅವರ ಮೇಲೆ ಸಿಟ್ಟಿತ್ತು. ಅವರು ಹೇಳದಿದ್ದರೆ ನನ್ನ ಮಗಳ ಕಿವಿ ಚೆನ್ನಾಗಿಯೇ ಇರುತ್ತಿತ್ತು ಎಂಬಂಥ ಸಿಟ್ಟು. ಹನ್ನೊಂದು ದಿನವೂ ಲಿಫ್ಟಿನಲ್ಲಿ ಎದುರಾದರು, ಒಮ್ಮೆಯೂ ಕೇಳಲಿಲ್ಲ. ಸುರಭಿಯ ಮುಂದೆ ಮೊಣಕಾಲೂರಿ, ಮುಖಕ್ಕೆ ಮುಖವಿಟ್ಟು, ನಿಧಾನವಾಗಿ ಒಂದೇ ಪದ ಹೇಳಿ ಕಾಯುತ್ತಿದ್ದರು. ಅವಳು ಅವರ ತುಟಿಗಳನ್ನೇ ನೋಡುತ್ತಿದ್ದಳು.

ವಿಮಾನದ ಮುಂಭಾಗದಲ್ಲಿ ಕೂತು ಹಾರಿಸಿದವರನ್ನು ಲೋಕ ಗುರುತಿಸುತ್ತದೆ. ಹಿಂದೆ, ಕಿಟಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ ಪರರ ಮಾತಿಗಾಗಿ ತಮ್ಮ ಕಿವಿಗಳನ್ನು ತೆತ್ತವರ ಜಾತಿಯೇ ಬೇರೆ. ಗದ್ದಲ ಎಬ್ಬಿಸುವುದೇ ಇವರ ಉದ್ಯೋಗವಾಗಿತ್ತು. ಅದಕ್ಕೇ ಇರಬೇಕು, ಯಾರ ಕಿವಿ ಯಾವಾಗ ತುಂಬಿದೆಯೆಂಬುದು ಇವರಿಗೆ ಬೇಗ ತಿಳಿಯುತ್ತದೆ. ಇಂಥವರು ಸಮಾಧಾನ ಹೇಳುವುದಿಲ್ಲ. ಕೇಳಿಸಿದ್ದನ್ನು ಒಮ್ಮೆ ತಲುಪಿಸುತ್ತಾರೆ, ಆಮೇಲೆ ದಾರಿ ಬಿಟ್ಟು ನಿಲ್ಲುತ್ತಾರೆ.

ಹನ್ನೆರಡನೆಯ ದಿನ ಬೆಳಿಗ್ಗೆ ನಮ್ಮ ಕುಕ್ಕರ್ ಮೂರು ಸಲ ಕೂಗಿತು. ಒಲೆ ಆರಿಸಲಿಲ್ಲ, ನೆಲದ ಮೇಲಿದ್ದ ಸುರಭಿಯನ್ನೇ ನೋಡುತ್ತ ನಿಂತೆ. ನಾಲ್ಕನೆಯದೂ ಆಯಿತು. ಒಲೆ ಆರಿಸಿ ಕ್ಲಿನಿಕ್ಕಿಗೆ ಫೋನು ಮಾಡಿದೆ. ಆ ಕಡೆಯ ಹೆಣ್ಣುದನಿ ಹೆಸರು, ವಯಸ್ಸು ಕೇಳಿತು. ಎರಡೇ ವಾಕ್ಯದಲ್ಲಿ ಹೇಳಿದೆ. ಯಾವ ಡಾಕ್ಟರು ಕಳಿಸಿದ್ದು ಎಂದು ಹಿಂದಿಯಲ್ಲಿ ವಿಚಾರಿಸಿತು.

"ಡಾಕ್ಟರಲ್ಲ, ಮೇಲಿನ ಮನೆಯ ಕಾಕಾ" ಎಂದೆ.

"ಕಿವಿಯ ಕೆಲಸದವರಾ?"

ಹೌದೆಂದೆ. ಗುರುವಾರ ಹತ್ತು ಗಂಟೆಗೆ ಬರಲು ಹೇಳಿದರು.