ಅತ್ತಿಗೆಯ ಕೈಗಳು

ಮುಚ್ಚಿದ ಬಾಗಿಲಿನ ಹಿಂದೆ ಗಂಡ ನಕ್ಕ. ಜ್ವರ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಗಿಸಿದವಳು ಅತ್ತಿಗೆ, ಅವನ ಅಕ್ಕ. ಒಳಗಿನಿಂದ ಮಾತಿನ ಸದ್ದೇ ಇರಲಿಲ್ಲ. ಮಾತಿಲ್ಲದೆ ನಗು ಮಾತ್ರ ಕೇಳುವ ಆ ಕೋಣೆಯ ಮುಂದೆ ಅವಳು ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದಳು, ಯಾರದೋ ಮನೆಗೆ ಬಂದವಳ ಹಾಗೆ.

ಗಂಡನಿಗೆ ಕಿವಿ ಕೇಳಿಸುವುದಿಲ್ಲ. ಶಾಲೆಯಲ್ಲಿ ತುಟಿ ಓದುವುದನ್ನು ಕಲಿಯುವ ತನಕ ಅವನಿಗೆ ಅಕ್ಕನ ಕೈಗಳೇ ಮಾತು. ಇಬ್ಬರೂ ಸೇರಿ ಕಟ್ಟಿಕೊಂಡ ಸನ್ನೆಗಳು ಅವು. ಆ ಮನೆಯ ಹೊರಗೆ ಎಲ್ಲೂ ನಡೆಯುವಂಥವಲ್ಲ. ಮದುವೆಯಾದ ಮೇಲೆ ಅವನ ಕೈಗಳು ಅಂಗಡಿಯಲ್ಲಿ ಗಾಜು ಕತ್ತರಿಸುವುದಕ್ಕೆ, ಫೋಟೋಗಳಿಗೆ ಚೌಕಟ್ಟು ಹಾಕುವುದಕ್ಕೆ ಮಾತ್ರ ಮೀಸಲಾದವು. ಮಾತಿಗೆ ಹೆಂಡತಿಯ ತುಟಿಯಿತ್ತು. ಅವಳು ಒಂದನೇ ತರಗತಿಯ ಟೀಚರ್. ಒಂದೊಂದು ಅಕ್ಷರವೂ ತುಟಿಯ ಮೇಲೆ ಬಂದು, ನಿಂತು, ಆಮೇಲೆ ಹೋಗುವ ಹಾಗೆ ಮಾತಾಡುವವಳು. "ಉಳಿದವರ ಬಾಯಿ ಗೀಚಿದ ಹಾಗಿರುತ್ತೆ, ನಿಂದು ಅಚ್ಚು ಹಾಕಿಸಿದ ಹಾಗೆ" ಎಂದು ಅವನೊಮ್ಮೆ ಹೇಳಿದ್ದ. ಆ ಮಾತನ್ನು ಅವಳು ಒಡವೆಯ ಹಾಗೆ ಇಟ್ಟುಕೊಂಡಿದ್ದಳು. ಸನ್ನೆ ಕಲಿಯುವ ಗೋಜಿಗೆ ಹೋಗಿರಲಿಲ್ಲ. ಯಾಕೆ ಹೋಗಬೇಕು?

ಈಗ ಆ ಅಚ್ಚಿನ ಮೇಲೆ ಮಾಸ್ಕಿನ ಬಟ್ಟೆ ಬಿದ್ದಿತ್ತು.

ಗಂಡನಿಗೆ ಸೋಂಕು ಇದೆಯೆಂದು ಗೊತ್ತಾದಾಗ ಆರೋಗ್ಯ ಕೇಂದ್ರದ ನರ್ಸ್ ಬಂದು ಹೊಸ್ತಿಲಾಚೆಯೇ ನಿಂತು ಹೇಳಿದ್ದರು: "ಅವರು ಬೇರೆ ಕೋಣೇಲಿರಲಿ. ಹೊರಗಿನ ಕಿಟಕಿ ತೆಗೆದಿರಲಿ, ಒಳಗಿನ ಬಾಗಿಲು ಹಾಕಿರಲಿ. ನೋಡ್ಕೊಳ್ಳೋರು ಒಬ್ಬರೇ ಇರಬೇಕು. ಒಳಗೆ ಹೋದಾಗ ಇಬ್ಬರಿಗೂ ಮಾಸ್ಕ್. ಯಾರು ನೋಡ್ಕೋತೀರಾ?"

"ನಾನು" ಎಂದಳು.

ನರ್ಸ್ ಅವಳ ಕೈಯಲ್ಲಿದ್ದ ಇನ್ಹೇಲರ್ ನೋಡಿದರು. "ನಿಮಗೆ ಆಸ್ತಮಾ ಇದ್ಯಲ್ಲಮ್ಮಾ! ನೀವಂತೂ ಬೇಡವೇ ಬೇಡ. ಮತ್ತ್ಯಾರಿದಾರೆ?"

"ನಾನಿಲ್ವಾ?" ಎಂದು ಅತ್ತಿಗೆ ಮುಂದೆ ಬಂದಳು. ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು. ಹಾಸ್ಟೆಲ್ ಮುಚ್ಚಿದ ಮೇಲೆ ತಮ್ಮನ ಮನೆಗೆ ಬಂದಿದ್ದಳು. "ನಂಗೆ ಆಗ್ಲೇ ಬಂದು ಹೋಗಿದೆ. ಇನ್ನೇನು ಕಿತ್ಕೊಳುತ್ತೆ ಅದು?"

"ಬಂದು ಹೋದವರಿಗೂ ಮತ್ತೆ ಬರುತ್ತೆ. ಮಾಸ್ಕ್ ಮೂಗಿಗಿರಲಿ, ಗಲ್ಲಕ್ಕಲ್ಲ."

ಹಾಗೆ ಗಂಡ ಅತ್ತಿಗೆಯ ಪಾಲಾದ. ಮೊಬೈಲಿನಲ್ಲಿ ಅವನು 'ಊಟ ಆಯ್ತು', 'ಪರವಾಗಿಲ್ಲ' ಎಂದು ಬರೆಯುತ್ತಿದ್ದ. ವಿಡಿಯೋ ಕಾಲ್ ಮಾಡಿದರೆ ಚಿತ್ರ ತಡೆತಡೆದು ಬಂದು ಅವಳ ತುಟಿ ಅವನಿಗೆ ಸಿಗುತ್ತಿರಲಿಲ್ಲ. ಕಣ್ಣು ನೋಯುತ್ತೆ ಎಂದು ಇಟ್ಟುಬಿಡುತ್ತಿದ್ದ. ಅಕ್ಕನ ಕೈಗಳನ್ನು ನೋಡುವಾಗ ಮಾತ್ರ ಕಣ್ಣು ನೋಯುತ್ತಿರಲಿಲ್ಲವೇನೋ.

ಬಾಗಿಲು ತೆರೆದು ಅತ್ತಿಗೆ ಹೊರಗೆ ಬಂದಳು. ನೇರ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದಳು.

"ಏನಕ್ಕಾ, ಅಷ್ಟೊಂದು ನಗು?" ಇವಳು ದೂರದಿಂದಲೇ ಕೇಳಿದಳು.

"ಏನಿಲ್ಲ ಮಾರಾಯ್ತಿ, ಯಾವುದೋ ಹಳೇದು. ಹೇಳಿದ್ರೆ ನಿಂಗೆ ನಗು ಬರಲ್ಲ."

"ಹೇಳಿ ನೋಡಿ."

"ಕೈಲಿ ಹೇಳಿದ್ರೇನೇ ಅದಕ್ಕೆ ರುಚಿ. ಬಾಯಲ್ಲಿ ಹೇಳಿದ್ರೆ ಸಪ್ಪೆ."

"ಕಾಯಿಲೆಯವರನ್ನ ಅಷ್ಟು ನಗಿಸಬಾರದು. ಕೆಮ್ಮು ಬರುತ್ತೆ."

"ಹೌದಾ? ಇದು ನರ್ಸ್ ಹೇಳಿದ್ದೋ, ಟೀಚರ್ ಹೇಳಿದ್ದೋ?"

ಅವಳು ಅತ್ತಿಗೆಯ ಕೈಗಳನ್ನು ನೋಡುತ್ತಿದ್ದಳು. ದಪ್ಪ ಬೆರಳು, ಎಣ್ಣೆ ಸಿಡಿದ ಕಲೆಗಳು. ಒಂದು ಅಂಗೈ ಇನ್ನೊಂದರ ಮೇಲೆ ಸೋಪು ಉಜ್ಜುತ್ತಾ ಸಾಗಿದಾಗ ಅದರಲ್ಲೂ ಏನೋ ಮಾತಿದೆ, ಅದು ತನಗೆ ಮಾತ್ರ ತಿಳಿಯುತ್ತಿಲ್ಲ ಎನ್ನಿಸಿತು. ಆ ಕೈಗಳಿಗೂ ಒಂದು ಮುಸುಕು ಹಾಕಿ ಎಂದು ನರ್ಸ್ ಯಾಕೆ ಹೇಳಲಿಲ್ಲ?

ಮರುದಿನ ಅತ್ತಿಗೆ ಸ್ನಾನಕ್ಕೆ ಹೋದಾಗ ಅವಳು ಕೋಣೆಯ ಬಾಗಿಲು ತೆರೆದಳು. ಹೊಸ್ತಿಲು ದಾಟುವುದಿಲ್ಲ ಎಂದುಕೊಂಡಿದ್ದಳು, ದಾಟಲಿಲ್ಲ. ಬೆಳಕು ಬದಲಾದದ್ದು ಗೊತ್ತಾಗಿ ಅವನು ತಿರುಗಿದ. ಮಾಸ್ಕಿನೊಳಗಿಂದಲೇ ಏನೋ ಕೇಳಿದಳು. ಅವನು ಆ ಬಟ್ಟೆಯನ್ನೇ ನೋಡಿದ. ಆಮೇಲೆ ಕಿವಿ ಮುಟ್ಟಿ ತೋರಿಸಿ, ಕಣ್ಣಲ್ಲೇ ಕ್ಷಮೆ ಕೇಳುವಂತೆ ನಕ್ಕ. ಅಂಗಡಿಗೆ ಬರುವ ಹೊಸ ಗಿರಾಕಿಗಳಿಗೆ ಅವನು ಕೊಡುವ ನಗು ಅದು. ತನಗೂ ಅದೇ ನಗುವೇ? ಅವಳು ಮಾಸ್ಕನ್ನು ಕೆಳಗೆಳೆದಳು.

"ಹೇಗಿದೀರಿ?"

ಅವನ ಮುಖ ಅರಳಿತು. ಎದ್ದು ಕೂತ. ಅವಳ ಲೆಕ್ಕಕ್ಕೆ ಬಾರದೇ ಹೋದದ್ದು ಮುಂದಿನದು: ಅವನೂ ತನ್ನ ಮಾಸ್ಕನ್ನು ಎಳೆದುಬಿಟ್ಟ. ಬಾಯಿ ಕಾಣದೆ ಯಾರಿಗೂ ಮಾತು ತಲುಪದು ಎಂದೇ ಅವನು ತಿಳಿದಿದ್ದ. ಎಂಥ ಚಳಿಯಲ್ಲೂ ಮಫ್ಲರ್ ಸರಿಸಿಯೇ ಮಾತಾಡುತ್ತಿದ್ದ. "ಬಾ" ಎಂದ. ಅಷ್ಟರಲ್ಲಿ ಕೆಮ್ಮು ಹಿಡಿಯಿತು. ಬಾಗಿ, ಮಂಚದ ಅಂಚು ಹಿಡಿದು, ಅವಳ ಕಡೆಗೇ ಮುಖ ಮಾಡಿ ಕೆಮ್ಮಿದ.

"ಏಯ್, ಬಾಗಿಲು ಹಾಕು!" ಒದ್ದೆ ಕೂದಲಲ್ಲಿ ಓಡಿ ಬಂದ ಅತ್ತಿಗೆ ಮೂಗಿಗೆ ಟವೆಲ್ ಒತ್ತಿಕೊಂಡು, ಭುಜದಿಂದ ಇವಳನ್ನು ಪಕ್ಕಕ್ಕೆ ತಳ್ಳಿ ಬಾಗಿಲು ಎಳೆದಳು. "ಹೋಗು, ಮುಖ ತೊಳ್ಕೋ. ಅಂಗಳಕ್ಕೆ ಹೋಗಿ ಕೂತ್ಕೋ."

ನರ್ಸಿಗೆ ಫೋನ್ ಮಾಡಿದವಳೂ ಅತ್ತಿಗೆಯೇ. ಆಮೇಲೆ ಮಾಸ್ಕ್ ಹಾಕಿಕೊಂಡು ಅಂಗಳಕ್ಕೆ ಬಂದು ದೂರದಲ್ಲಿ ನಿಂತಳು. "ನೀನೂ ಇನ್ನು ಬೇರೆ ಇರಬೇಕಂತೆ. ಮಾಸ್ಕ್ ತೆಗೀಬಾರದಂತೆ. ಉಸಿರು ಒಂಚೂರು ಹೆಚ್ಚುಕಮ್ಮಿ ಆದ್ರೂ ತಕ್ಷಣ ಆಸ್ಪತ್ರೆಗೆ. ನಿಂಗೇನು ಬಂದಿತ್ತು ದೊಡ್ಡ ರೋಗ?"

"ನೀವು ಇಡೀ ದಿನ ಒಳಗಿರ್ತೀರಲ್ಲ, ನಿಮಗೇನು ಗೊತ್ತು!"

"ಇರ್ತೀನಿ. ಖುಷಿಯಾಗೇ ಇದೀನಿ, ಸಾಕಾ?" ಅತ್ತಿಗೆಯ ದನಿ ಏರಿತು. "ನೀನು ಈ ಮನೆಗೆ ಬಂದ ಮೇಲೆ ನನ್ನ ತಮ್ಮ ನನ್ನ ಜೊತೆ ಕೈಲಿ ಒಂದು ಮಾತಾಡಿಲ್ಲ. ನಾನು ಎದುರಿಗೇ ಕೂತಿದ್ರೂ 'ಅಕ್ಕ ಏನಂದ್ಲು' ಅಂತ ನಿನ್ನ ಬಾಯಿ ನೋಡೋನು. ನನ್ನ ತಮ್ಮ ಕಣೆ! ಜ್ವರ ಬಂದು ಸಿಕ್ಕಿದಾನೆ ನಂಗೆ."

ಸುಳ್ಳಲ್ಲ. ಅತ್ತಿಗೆಯ ಉದ್ದನೆಯ ಮಾತನ್ನು ಎರಡು ಪದಕ್ಕಿಳಿಸಿ ಗಂಡನಿಗೆ ದಾಟಿಸುವುದರಲ್ಲಿ ಅವಳಿಗೊಂದು ಸುಖವಿತ್ತು. ಅದು ಅತ್ತಿಗೆಗೆ ಕಾಣುತ್ತಿತ್ತೆಂದು ಮಾತ್ರ ಗೊತ್ತಿರಲಿಲ್ಲ.

ಒಳಗಿನ ಕೆಮ್ಮು ನಿಂತಿದೆಯೇ ಎಂದು ಇಬ್ಬರೂ ಕಿವಿಗೊಟ್ಟಿದ್ದರು.

"ಕಿಟಕಿ ಹತ್ರ ಬಾ" ಎಂದಳು ಅತ್ತಿಗೆ ಕೊನೆಗೆ. "ಗಾಜು ಹಾಕ್ತೀನಿ. ಒಂದೈದು ನಿಮಿಷ ಅಷ್ಟೇ, ಆಮೇಲೆ ಗಾಳಿಗೆ ತೆಗೀಬೇಕು. ಅಲ್ಲಿ ನಿಂತು ಅದೇನು ಹೇಳ್ಬೇಕೋ ಹೇಳು."

ಅವನೇ ಕತ್ತರಿಸಿ ಕೂರಿಸಿದ ಗಾಜು. ಅತ್ತಿಗೆ ಕೋಣೆಯೊಳಗೆ ಹೋಗಿ ಅದನ್ನು ಮುಚ್ಚಿ, ಗೋಡೆಯ ಕಡೆ ತಿರುಗಿ ನಿಂತುಕೊಂಡಳು. ಬೆನ್ನು ನೆಟ್ಟಗಿತ್ತು. ಆ ಬೆನ್ನು ಕೂಡ ಇವಳಿಗೆ ಸಹಿಸಲಾಗಲಿಲ್ಲ. ಇಷ್ಟು ದೊಡ್ಡತನ ತೋರಿಸುವ ಅಗತ್ಯವೇನಿತ್ತು?

ಮಾಸ್ಕ್ ಇಳಿಸಿದಳು. ಹೇಳಬೇಕೆಂದು ಕೂಡಿಟ್ಟ ದೂರುಗಳನ್ನೆಲ್ಲ ಬದಿಗಿಟ್ಟಳು. "ನಾನು ಇಲ್ಲೇ ಇದೀನಿ" ಎಂದಳು. ಉಸಿರಿಗೆ ಗಾಜು ಮಸುಕಾಯಿತು. ಸೆರಗಿನಿಂದ ಒರೆಸಿ ಮತ್ತೆ ಹೇಳಿದಳು. ಅವನು ಓದಿದ, ಓದಿದ್ದು ಅವನ ಕಣ್ಣಲ್ಲಿ ಕಂಡಿತು.

ಈ ಸಲ ಅವನು ಮಾಸ್ಕ್ ಎಳೆಯಲಿಲ್ಲ. ಕೈ ಅತ್ತ ಹೋಗಿ, ನಿಂತು, ಎದೆಯ ಮುಂದಕ್ಕೆ ಬಂತು. ಆಮೇಲೆ ಎರಡೂ ಕೈಗಳು ಎದ್ದವು. ಮೊದಲು ನಿಧಾನ, ಆಮೇಲೆ ಬೇಗ ಬೇಗ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಕೈಗಳು ಅವಳೊಡನೆ ಮಾತಾಡುತ್ತಿದ್ದವು. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ.

ಗಾಜು ತಟ್ಟಿದಳು. ಅವನಿಗೆ ಕೇಳಿಸದು, ಮುಂದುವರಿಸಿದ. ತಿರುಗಿದ್ದು ಅತ್ತಿಗೆ, ಅವನ ಕೈಗಳನ್ನು ನೋಡುತ್ತಾ ನಿಂತಳು.

"ಅಕ್ಕಾ, ಏನಂದ್ರು?"

ಗಾಜಿನಾಚೆ ಅತ್ತಿಗೆ ಬೆರಳಿನಿಂದ ಕಿವಿ ತೋರಿಸಿ, ಕೇಳಿಸದೆಂದು ತಲೆಯಾಡಿಸಿದಳು. ಇವಳು ಅಚ್ಚು ಹಾಕಿಸಿದ ಹಾಗೆ ಅಕ್ಷರ ಅಕ್ಷರ ಬಿಡಿಸಿ ಮತ್ತೆ ಕೇಳಿದಳು. ಪ್ರಯೋಜನವಾಗಲಿಲ್ಲ, ಅತ್ತಿಗೆಗೆ ತುಟಿ ಓದಲು ಬರುವುದಿಲ್ಲ.

ಕೊನೆಗೆ ಅವಳು ಕೈ ಎತ್ತಿದಳು. ಗಂಡನ ಕಡೆ ಬೊಟ್ಟು ಮಾಡಿ, ಅಂಗೈ ಬಿಡಿಸಿ ಮೇಲಕ್ಕೆ ತಿರುಗಿಸಿದಳು: ಏನು?

ಅತ್ತಿಗೆ ಆ ಅಂಗೈಯನ್ನು ನೋಡಿದಳು. ಉತ್ತರ ಅವಳಿಗೆ ಗೊತ್ತಿತ್ತು. ಹೇಳುವುದಕ್ಕೆ ಅವಸರ ಮಾಡಲಿಲ್ಲ.