ಹದಿನಾಲ್ಕನೆಯ ಹಾಳೆ

ಮೆಟ್ಟಿಲುಗಳಿಗೆ ಮ್ಯಾಟ್ ಹೊದಿಸುತ್ತ ಹೊದಿಸುತ್ತ ಅವಳ ಹೆಸರೇ ಮ್ಯಾಟಕ್ಕ ಎಂದಾಗಿಬಿಟ್ಟಿತ್ತು. ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳು ತನ್ನ ಪಾಡಿಗೆ ಹೋಗಿಬಿಡುತ್ತಿದ್ದಳು. ಅಣ್ಣ ಅಂಗಡಿಯಲ್ಲಿ ಕೂತು ಅಳತೆಗೆ ಸರಿಯಾಗಿ ಕತ್ತರಿಸುತ್ತಿದ್ದ. ಇವಳು ಅಂಚು ಹೊಲಿದು, ಸ್ಕೂಟರಿನ ಮೇಲೆ ಹೇರಿಕೊಂಡು, ಮನೆಮನೆಗೆ ಹೋಗಿ ಹೊದಿಸಿ ಬರುತ್ತಿದ್ದಳು. ಮೊಳೆಯಿಲ್ಲ, ಗೋಂದಿಲ್ಲ. ಒಂದೊಂದು ಮೆಟ್ಟಿಲಿಗೂ ಒಂದೊಂದು ತುಂಡು. ಅದರ ಬೆನ್ನಿಗೆ ಅಂಟಿನ ಪದರ. ಕೊಳೆಯಾದರೆ ಕಿತ್ತು, ತೊಳೆದು, ಒಣಗಿಸಿ ಮತ್ತೆ ಅಂಟಿಸಿಕೊಳ್ಳಬಹುದು.

ಅಂಟು ಧೂಳು ಹಿಡಿಯದಿರಲೆಂದು ಪ್ರತಿ ತುಂಡಿನ ಬೆನ್ನಿಗೂ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದು ಇರುತ್ತದೆ. ಮ್ಯಾಟಕ್ಕನ ಕೆಲಸದ ಕ್ರಮ ಹೀಗೆ: ಮೊದಲು ಹಾಳೆ ಬಿಚ್ಚದೆಯೇ ಎಲ್ಲವನ್ನೂ ಮೆಟ್ಟಿಲ ಮೇಲೆ ಸುಮ್ಮನೆ ಇಡುವುದು, ಕೆಳಗೆ ನಿಂತು ಒಂದು ಕಣ್ಣು ಮುಚ್ಚಿ ಸಾಲು ನೇರವಿದೆಯೇ ಎಂದು ನೋಡುವುದು, ಆಮೇಲೆ ಮೇಲಿನಿಂದ ಒಂದೊಂದನ್ನೇ ಎತ್ತಿ, ಹಾಳೆ ಸುಲಿದು, ಒತ್ತಿ, ರೋಲರ್ ಎಳೆಯುವುದು. ಸುಲಿದ ಹಾಳೆಯನ್ನು ಅಲ್ಲಿ ಬಿಸಾಡುವಂತಿಲ್ಲ. ಅಂಗಡಿಗೆ ತಂದು ಕತ್ತರಿಸುವ ಮೇಜಿನ ಮೇಲೆ ಎಣಿಸಬೇಕು. ಎಣಿಸದೆ ಊಟದ ಡಬ್ಬಿ ತೆರೆಯಬಾರದು. ಇದು ಅಣ್ಣನ ಕಾನೂನು. ಎಂಟು ವರ್ಷದ ಹಿಂದೆ ಒಂದು ಮನೆಯಲ್ಲಿ ಒಂದೇ ಒಂದು ಹಾಳೆ ಸುಲಿಯದೆ ಉಳಿದು, ಮ್ಯಾಟು ಜಾರಿ ಮನೆಯ ಯಜಮಾನನ ಮುಂಗೈ ಎರಡು ಕಡೆ ಮುರಿದಿತ್ತು. ಅಂದಿನಿಂದ ಅಣ್ಣ ಊಟ ಬಿಟ್ಟಾನು, ಎಣಿಕೆ ಬಿಡುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಮ್ಯಾಟಕ್ಕ ಚೀಲ ಸುರಿದು ಎಣಿಸಿದಳು. ಹದಿಮೂರು.

ಹಸಿವಿಗೆ ಕಣ್ಣು ಮಂಜಾಗಿದೆಯೆಂದು ಮತ್ತೆ ಎಣಿಸಿದಳು. ಹದಿಮೂರೇ. ಚೀಲವನ್ನು ಒಳಮೈ ಹೊರಮೈ ಮಾಡಿ ಕೊಡವಿದಳು. ದಾರದ ಉಂಡೆ, ಸೀಮೆಸುಣ್ಣದ ಚೂರು, ಒಂದು ಹಳೆಯ ಗುಂಡಿ ಬಿದ್ದವು. ಹಾಳೆ ಬೀಳಲಿಲ್ಲ.

"ಎಷ್ಟು ಮೆಟ್ಲು ಆ ಮನೇಲಿ?" ಅಣ್ಣ ಕತ್ತರಿ ಕೆಳಗಿಟ್ಟ.

"ಹದಿನಾಲ್ಕು."

"ದಾರೀಲಿ ಹಾರಿಹೋಗಿರುತ್ತೆ ಕಣೇ. ಚೀಲದ ಬಾಯಿ ಕಟ್ಟೋ ಅಭ್ಯಾಸ ನಿಂಗೆ ಯಾವತ್ತಿತ್ತು?"

ಹಾಗೆಂದನೇ ಹೊರತು ಅವನ ಮುಖವೂ ಬಿಳಿಚಿಕೊಂಡಿತ್ತು. ಬೇರೆ ಮನೆಯಾಗಿದ್ದರೆ ಅವಳು ಅವನ ಮಾತನ್ನು ಒಪ್ಪಿಕೊಂಡು ಡಬ್ಬಿ ತೆರೆಯುತ್ತಿದ್ದಳೋ ಏನೋ. ಇದು ಬಾಣಂತಿಯ ಮನೆ.

ಆ ಹುಡುಗಿಗೆ ಮಗುವಾಗಿ ಎರಡು ತಿಂಗಳು. ಏಳು ತಿಂಗಳ ಬಸುರಿಯಾಗಿದ್ದಾಗ ಅದೇ ಮೆಟ್ಟಿಲ ಮೇಲೆ ಕಾಲು ಜಾರಿ, ಕಂಬಿ ಕೈಗೆ ಸಿಕ್ಕಿದ್ದರಿಂದ ತಾಯಿ ಮಗು ಇಬ್ಬರೂ ಉಳಿದಿದ್ದರು. ಆಮೇಲೆ ಮೆಟ್ಟಿಲೆಂದರೆ ಅವಳಿಗೆ ಮೈ ನಡುಕ. ಮಗುವನ್ನು ಎತ್ತಿಕೊಂಡು ಒಂದು ಸಲವೂ ಇಳಿದವಳಲ್ಲ. ಗಂಡ ಬಸ್ ಓಡಿಸುವವನು, ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾನೆ. ಸಂಜೆ ಅವನು ಬಂದು ಎತ್ತಿಕೊಂಡು ಬಂದರೆ ಮಗು ಕೆಳಗೆ, ಇಲ್ಲದಿದ್ದರೆ ಹಗಲೆಲ್ಲ ಮಹಡಿಯ ಕೋಣೆಯೇ ಗತಿ. ಅದು ನಿದ್ದೆ ಹೋದಾಗ ಇವಳೊಬ್ಬಳೇ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದು, ಅಡುಗೆ ಮುಗಿಸಿ, ಓಡಿಹೋಗಬೇಕು. "ಮಗೂನ ಎತ್ಕೊಂಡು ಬಾಗಿಲ ಹತ್ರ ಬಂದು ನಿಂತ್ಕೋಬೇಕು ಅಕ್ಕ. ಅಷ್ಟೇ ಆಸೆ," ಎಂದಿದ್ದಳು ಬೆಳಿಗ್ಗೆ. ಅದಕ್ಕೇ ಈ ಮ್ಯಾಟುಗಳು.

ಮ್ಯಾಟಕ್ಕನಿಗೆ ಈಗ ಎಲ್ಲವೂ ನೆನಪಾಯಿತು. ಅರ್ಧ ಕೆಲಸದಲ್ಲಿ ಮಗು ಅತ್ತಿತ್ತು. ಬಾಣಂತಿ ಸ್ನಾನದ ಮನೆಯಲ್ಲಿದ್ದಳು. ಇವಳು ರೋಲರ್ ಅಲ್ಲೇ ಬಿಟ್ಟು ಮೇಲೆ ಓಡಿ ಕೂಸನ್ನು ಎತ್ತಿಕೊಂಡಿದ್ದಳು. ಅದು ಇವಳ ಹೆಬ್ಬೆರಳನ್ನು ಹಿಡಿದುಕೊಂಡದ್ದು ಬಿಡಲೇ ಇಲ್ಲ. ಇವಳಿಗೂ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಕೆಲಸದ ನಡುವೆ ಕೂಸು ಆಡಿಸಲು ಕೂತವಳಿಗೆ ಬಿಟ್ಟ ಜಾಗ ನೆನಪಿರುತ್ತದೆಯೇ? ಹತ್ತು ನಿಮಿಷ ಬಿಟ್ಟು ಬಂದು, ಇದೇ ಇರಬೇಕೆಂದು ಮುಂದಿನದನ್ನು ಎತ್ತಿದ್ದಳು. ಮೇಲಿನಿಂದ ಏಳನೆಯದೋ, ಎಂಟನೆಯದೋ, ಒಂಬತ್ತನೆಯದೋ, ದೇವರೇ ಬಲ್ಲ.

ಫೋನ್ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲ ಅಣ್ಣನ ಫೋನಿನಿಂದ ಮಾಡಿದಳು.

"ನಿದ್ದೆ ಮಾಡ್ತಿರ್ತಾಳೆ," ಅಂದ ಅಣ್ಣ.

"ಎದ್ದ್ಮೇಲೆ ಇಳೀತಾಳಲ್ಲ!"

ಅವನು ಸ್ಕೂಟರಿನ ಕೀಲಿ ಎಸೆದ.

ದಾರಿಯುದ್ದಕ್ಕೂ ಅವಳು ತನಗೇ ಸಮಾಧಾನ ಹೇಳಿಕೊಂಡಳು. ಹಾಳೆಯಿರುವ ಮ್ಯಾಟು ಸುಮ್ಮಸುಮ್ಮನೆ ಜಾರುವುದಿಲ್ಲ. ನಿಧಾನವಾಗಿ, ನೇರವಾಗಿ ಇಟ್ಟ ಕಾಲನ್ನು ಅದು ತಡೆದುಕೊಳ್ಳುತ್ತದೆ. ಆತುರದ ಕಾಲಿಗೆ ಮಾತ್ರ ಕೈಕೊಡುತ್ತದೆ, ಅದೂ ನುಣುಪು ಕಲ್ಲಿನ ಮೇಲೆ. ಆ ಹುಡುಗಿಯೋ ಪುಕ್ಕಲಿ, ಕಂಬಿ ಬಿಡುವವಳಲ್ಲ. ಏನೂ ಆಗಿರುವುದಿಲ್ಲ. ಆದರೂ ಕೆಂಪು ದೀಪ ಬಂದಲ್ಲೆಲ್ಲ ಫೋನ್ ತೆಗೆದು ಒಂದು ಸಲ ಮಾಡುವಳು. ರಿಂಗಾಗುವುದು, ನಿಲ್ಲುವುದು. ಎತ್ತದ ಒಂದೊಂದು ಕರೆಗೂ ಅವಳ ಕಣ್ಣ ಮುಂದೆ ಆ ಮೆಟ್ಟಿಲುಗಳ ಕೊನೆ ಕಾಣುವುದು. ಅಲ್ಲಿ ಯಾರೋ ಬಿದ್ದಿರುವುದು ಕಾಣುವುದು. ಥೂ, ಬಿಡ್ತು ಅನ್ನು, ಎಂದು ತನ್ನನ್ನೇ ಬೈದುಕೊಳ್ಳುವಳು.

ಮನೆಯ ಮುಂದೆ ಜನ ಸೇರಿರಲಿಲ್ಲ. ಅದನ್ನು ಕಂಡು ಅವಳಿಗೆ ಅರ್ಧ ಜೀವ ಬಂತು. ಗೇಟು ತೆರೆದು ಬಾಗಿಲ ಬಳಿ ಹೋದಳು. ಒಳಗಿನಿಂದ ಚಿಲಕ ಹಾಕಿತ್ತು. ಬೆಲ್ ಒತ್ತಲು ಬೆರಳು ಎತ್ತಿದವಳು, ಮೊದಲು ಇನ್ನೊಂದು ಸಲ ಫೋನ್ ಮಾಡಿಬಿಡೋಣವೆಂದು ಮಾಡಿದಳು. ಬಾಗಿಲ ಪಕ್ಕದ ಕಿಟಕಿಯ ಜಾಲರಿಯೊಳಗಿಂದ ರಿಂಗಿನ ಸದ್ದು ಕೇಳಿತು. ಬಗ್ಗಿ ನೋಡಿದಳು.

ಫೋನು ಮಹಡಿಯಲ್ಲಿರಲಿಲ್ಲ. ಮೆಟ್ಟಿಲ ಬುಡದಲ್ಲಿ, ಚಪ್ಪಲಿ ಇಡುವ ಗೂಡಿನ ಮೇಲೆ, ಚಾರ್ಜಿಗೆ ಹಾಕಿದಲ್ಲಿ ಮಿನುಗುತ್ತ ಕೂಗುತ್ತಿತ್ತು.

"ಬಂದೇ, ಬಂದೇ!" ಮಹಡಿಯಿಂದ ದನಿ ಬಂತು. ಅದರ ಹಿಂದೆಯೇ ದಡದಡ ಕಾಲ ಸಪ್ಪಳ.

ಆಗ ಮ್ಯಾಟಕ್ಕನಿಗೆ ತಾನು ಇಷ್ಟು ಹೊತ್ತೂ ಮಾಡಿದ್ದೇನೆಂದು ಅರ್ಥವಾಯಿತು. ಅಂಗಡಿಯಿಂದ, ದಾರಿಯಿಂದ, ಎಂಟು ಹತ್ತು ಸಲ ಅವಳು ಆ ಹುಡುಗಿಯನ್ನು ಇದೇ ಮೆಟ್ಟಿಲಿಗೆ ಕರೆದಿದ್ದಳು. ಬೇಗ ಬಾ, ಬೇಗ ಬಾ ಎಂದು ಕರೆದಿದ್ದಳು. ಅವಳು ಫೋನು ಆರಿಸುವ ಹೊತ್ತಿಗೆ ಮೇಲಿನ ಮೆಟ್ಟಿಲಲ್ಲಿ ಎರಡು ಪಾದ ಕಾಣಿಸಿಕೊಂಡವು.

ಕಿಟಕಿಯಿಂದ ಮುಖ ಕಾಣುತ್ತಿರಲಿಲ್ಲ. ಪಾದ, ಸೀರೆಯ ಅಂಚು, ಎಡಗೈಯಲ್ಲಿ ಬಿಳಿ ಬಟ್ಟೆಯ ಗಂಟು. ಗಂಟಿನಿಂದ ಒಂದು ಪುಟ್ಟ ಕಾಲು ಹೊರಗೆ ಚಾಚಿತ್ತು. ಬಲಗೈ ಕಂಬಿಯ ಮೇಲಿರಲಿಲ್ಲ, ಮಗುವಿನ ತಲೆಯ ಮೇಲಿತ್ತು. ಒಂದು ಮೆಟ್ಟಿಲು. ಎರಡು.

ಕಿರುಚಿದರೆ ಬೆಚ್ಚಿ ಬೀಳುತ್ತಾಳೆ. ಬಾಗಿಲು ಬಡಿದರೆ ಇನ್ನೂ ಬೇಗ ಓಡುತ್ತಾಳೆ. ಮ್ಯಾಟಕ್ಕ ಜಾಲರಿಗೆ ಬಾಯಿ ಹಚ್ಚಿ, ಬೆಳಿಗ್ಗೆ ಆ ಕೂಸನ್ನು ಸಮಾಧಾನ ಮಾಡಿದ ದನಿಯಲ್ಲೇ ಕರೆದಳು. ಆ ದನಿ ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ.

"ತಂಗೀ, ಒಂಚೂರು ನಿಂತ್ಕೋಮ್ಮ."

ಪಾದಗಳು ಮೂರನೆಯ ಮೆಟ್ಟಿಲಲ್ಲಿ ತಡೆದವು. "ಯಾರು? ಮ್ಯಾಟಕ್ಕಾನಾ? ಇರಿ ಅಕ್ಕ, ಇವನು ಹಾಲು ಕುಡೀತಿದ್ದ, ಏಳೋಕಾಗ್ಲಿಲ್ಲ. ಆಗ್ಲಿಂದ ಫೋನ್ ಹೊಡ್ಕೋತಿದೆ. ಇವರಿಗೇ ಏನೋ ಆಗಿದೆ. ನೋಡ್ಬಿಟ್ಟು ಬಾಗಿಲು ತೆಗೀತೀನಿ."

ನಾಲ್ಕು. ಐದು.

"ಫೋನ್ ಮಾಡಿದ್ದು ನಾನೇ. ನಿನ್ನ ಗಂಡ ಚೆನ್ನಾಗಿದಾನೆ. ನಿಂತ್ಕೋ."

"ನೀವಾ? ಏನಾದ್ರೂ ಮರ್ತು ಹೋದ್ರಾ? ಬಂದೆ ಇರಿ," ಎಂದು ನಕ್ಕಳು. ಗಂಡ ಚೆನ್ನಾಗಿದ್ದಾನೆಂದು ಕೇಳಿ ಅವಳ ಕಾಲು ಇನ್ನೂ ಹಗುರಾದಂತಿತ್ತು. ಆರನೆಯದಕ್ಕೆ ಎತ್ತಿದಳು.

ಇಪ್ಪತ್ತು ವರ್ಷದ ಕೆಲಸದಲ್ಲಿ ಮ್ಯಾಟಕ್ಕ ಯಾರ ಮುಂದೆಯೂ ಆಡದ ಮಾತು ಅದು. ಅಂಚು ಎದ್ದರೆ ಕಲ್ಲು ಸರಿಯಿಲ್ಲ ಎನ್ನುವುದು, ಬಣ್ಣ ಹೋದರೆ ಸೋಪು ಸರಿಯಿಲ್ಲ ಎನ್ನುವುದು ಅವಳಿಗೆ ಬಾಯಿಪಾಠ. ಈಗ ಬಾಯಿಗೆ ಬಂದದ್ದು ಒಂದೇ.

"ನಾನು ತಪ್ಪು ಮಾಡಿದೀನಿ ಕಣಮ್ಮ. ಒಂದು ಮ್ಯಾಟು ಅಂಟಿಸಿಲ್ಲ. ಕಾಲಿಟ್ರೆ ಜಾರುತ್ತೆ. ಯಾವುದು ಅಂತ ನಂಗೇ ಗೊತ್ತಿಲ್ಲ."

ಎತ್ತಿದ ಪಾದ ಗಾಳಿಯಲ್ಲಿ ನಿಂತಿತು. ನಿಂತೇ ಇತ್ತು. ಆಮೇಲೆ ನಿಧಾನವಾಗಿ ಹಿಂದಕ್ಕೆ ಹೋಗಿ ಐದನೆಯದರ ಮೇಲೆ ಕೂತಿತು. ಬಲಗೈ ಕಂಬಿಯನ್ನು ತಡಕಿ ಹಿಡಿಯಿತು. ಅವಳು ಮೆಲ್ಲನೆ ಕುಸಿದು ಕೂತಾಗ ಮೊದಲ ಸಲ ಮುಖ ಕಂಡಿತು. ಅದರಲ್ಲಿ ರಕ್ತವೇ ಇರಲಿಲ್ಲ.

"ಈಗ ಏನ್ಮಾಡ್ಲಿ ಅಕ್ಕ?"

"ಮಗು ಮಡಿಲಲ್ಲಿರ್ಲಿ. ಕೂತೇ ಇಳಿ. ಮುಂದಿನದನ್ನ ಮೊದಲು ಅಂಗೈಯಿಂದ ಒತ್ತಿ, ಮುಂದಕ್ಕೆ ನೂಕಿ ನೋಡು. ಅಲ್ಲಾಡ್ದಿದ್ರೆ ಮಾತ್ರ ಇಳಿ. ಏನೂ ಅವಸರ ಇಲ್ಲ. ಸಂಜೆವರೆಗೂ ನಾನಿಲ್ಲೇ ಇರ್ತೀನಿ."

ಹುಡುಗಿ ಆರನೆಯದನ್ನು ನೂಕಿದಳು. ಅಲ್ಲಾಡಲಿಲ್ಲ. ಇಳಿದು ಕೂತಳು. ಏಳನೆಯದೂ ಗಟ್ಟಿ. ಎಂಟನೆಯದನ್ನು ಅವಳ ಅಂಗೈ ಮುಂದಕ್ಕೆ ನೂಕಿದ್ದಷ್ಟೇ. ಮ್ಯಾಟು ಸರ್ರನೆ ಮುಂದಕ್ಕೆ ನುಗ್ಗಿತು. ಅಂಚು ದಾಟಿ, ಕೆಳಗಿನ ಮೆಟ್ಟಿಲಿಗೆ ಬಡಿದು, ಪಲ್ಟಿ ಹೊಡೆಯುತ್ತ ಬುಡದ ತನಕ ಹೋಗಿ ಬೋರಲು ಬಿತ್ತು. ಬೆನ್ನ ಮೇಲಿನ ಹಾಳೆ ಥಳಥಳ ಹೊಳೆಯಿತು.

ಇಬ್ಬರೂ ಅದನ್ನೇ ನೋಡಿದರು. ಮ್ಯಾಟಕ್ಕ ಮನಸ್ಸಿನಲ್ಲೇ ಎಣಿಸಿದಳು. ಆರು, ಏಳು, ಎಂಟು. ಇನ್ನು ಮೂರೇ ಹೆಜ್ಜೆ ಇತ್ತು.

ಬಾಗಿಲು ತೆರೆಯುವ ಹೊತ್ತಿಗೆ ಐದು ನಿಮಿಷವೇ ಆಗಿರಬೇಕು. ಬೈಯಲಿ, ಹೊಡೆಯಲಿ, ತಡೆದುಕೊಳ್ಳಬೇಕೆಂದು ಮ್ಯಾಟಕ್ಕ ತಲೆ ತಗ್ಗಿಸಿ ನಿಂತಿದ್ದಳು. ಹುಡುಗಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನೀವು ಹೋದ್ಮೇಲೆ ನಾಲ್ಕು ಸಲ ಹತ್ತಿ ಇಳಿದೆ ಅಕ್ಕ," ಎಂದಳು, ತನ್ನಷ್ಟಕ್ಕೇ ಹೇಳಿಕೊಳ್ಳುವವಳಂತೆ. "ಇವನ್ನ ಎತ್ಕೊಂಡು. ಕೆಲಸ ಏನೂ ಇರ್ಲಿಲ್ಲ. ಸುಮ್ನೆ, ಖುಷಿಗೆ."

ಮ್ಯಾಟಕ್ಕ ಲೆಕ್ಕ ಹಾಕಿದಳು. ನಾಲ್ಕು ಸಲ ಹತ್ತಿದ್ದು, ನಾಲ್ಕು ಸಲ ಇಳಿದದ್ದು, ಎಂಟು ಸಲ ಆ ಮ್ಯಾಟಿನ ಮೇಲೆ ಕಾಲು. ತಾನು ಅಂಗಡಿಯಲ್ಲಿ ಅಣ್ಣನ ಜೊತೆ ಹರಟೆ ಹೊಡೆಯುತ್ತಿದ್ದಾಗಲೇ ಅದು ನಡೆದುಹೋಗಿತ್ತು. ತಾನು ಎಷ್ಟು ಜೋರಾಗಿ ಸ್ಕೂಟರ್ ಓಡಿಸಿದರೂ ತಡೆಯಲಾಗದ ಹೊತ್ತಿನಲ್ಲಿ ನಡೆದುಹೋಗಿತ್ತು. ಅವಳು ಕೆಳಗೆ ಬಿದ್ದ ಮ್ಯಾಟನ್ನು ಎತ್ತಿಕೊಂಡು, ಹಾಳೆ ಸುಲಿದು, ಎಂಟನೆಯ ಮೆಟ್ಟಿಲಿಗೆ ಒತ್ತಿದಳು. ರೋಲರ್ ತಂದಿರಲಿಲ್ಲ, ಮೊಣಕೈಯಿಂದ ಉಜ್ಜಿದಳು. ಆಮೇಲೆ ಹದಿನಾಲ್ಕನ್ನೂ ಒಂದೊಂದಾಗಿ ಉಗುರು ಹಾಕಿ ಎಳೆದು, ಕಾಲಿಟ್ಟು ಜಗ್ಗಿ, ಮೇಲೆ ನಿಂತು ಕುಣಿದು ನೋಡಿದಳು. ಒಂದೂ ಮಿಸುಕಲಿಲ್ಲ.

"ಈಗ ಗಟ್ಟಿಯಾಗಿದೆ ಕಣಮ್ಮ. ನಾನಿದೀನಲ್ಲ, ನೀನೇ ಒಂದ್ಸಲ ಹತ್ತಿ ನೋಡು."

ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಮೆಟ್ಟಿಲುಗಳ ಕಡೆ ನೋಡಿದಳು, ಇವಳ ಕಡೆ ನೋಡಿದಳು. ಇವಳ ಮೇಲೆ ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ನಂಬಿಕೆಯೂ ಇರಲಿಲ್ಲ. ಮಗುವನ್ನು ಮುಂದಕ್ಕೆ ಚಾಚಿದಳು.

"ನೀವೇ ಮೇಲೆ ಬಿಟ್ಟುಬಿಡ್ತೀರಾ?"

ಮ್ಯಾಟಕ್ಕ ಕೂಸನ್ನು ಎತ್ತಿಕೊಂಡಳು. ಎಷ್ಟು ಮನೆಗಳ ಎಷ್ಟು ಮೆಟ್ಟಿಲು ಹತ್ತಿಲ್ಲ ಅವಳು, ತಲೆಯ ಮೇಲೆ ಮ್ಯಾಟಿನ ಹೊರೆ ಇಟ್ಟುಕೊಂಡು! ಈಗ ತಾನೇ ಕುಣಿದು ನೋಡಿದ ಕೆಳಗಿನ ಮೆಟ್ಟಿಲ ಮುಂದೆ ಅವಳ ಕಾಲು ಏಳಲಿಲ್ಲ. ಹೆದರಿಕೆಯಾಯಿತು. ತನ್ನದೇ ಕೈಕೆಲಸ ಕಂಡು ಹೆದರಿಕೆಯಾಯಿತು. ಕಂಬಿ ಹಿಡಿದು, ಒಂದೊಂದಕ್ಕೂ ಹೆಬ್ಬೆರಳ ತುದಿ ಊರಿ ನೋಡಿ, ಎರಡೂ ಕಾಲು ಕೂಡಿಸಿ ನಿಂತು, ಮತ್ತೆ ಒಂದು. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಕೆಳಗೆ ನಿಂತ ತಾಯಿ ಉಸಿರು ಬಿಗಿಹಿಡಿದು ಅವಳ ಹಿಮ್ಮಡಿಯನ್ನೇ ನೋಡುತ್ತಿದ್ದಳು.

ತೊಟ್ಟಿಲಲ್ಲಿ ಮಲಗಿಸಿ ಹೊರಗೆ ಬಂದಾಗ ಹುಡುಗಿ ಇನ್ನೂ ಮಧ್ಯದಲ್ಲೇ ಇದ್ದಳು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಎಂಟನೆಯದನ್ನು ಮುಟ್ಟದೆ ದಾಟಿ, ಬಂದಳು.

"ಅಕ್ಕ, ನಾಳೆ ಬೆಳಿಗ್ಗೆ ಬರ್ತೀರಾ?"

"ಯಾಕಮ್ಮ? ಇನ್ನೇನಾದ್ರೂ ಸರಿ ಮಾಡ್ಬೇಕಾ?"

"ಇಲ್ಲ. ಮಗೂನ ಕೆಳಗೆ ತರೋಕೆ."

ಮ್ಯಾಟಕ್ಕ ಕೆಳಗಿನ ಹದಿನಾಲ್ಕು ಮೆಟ್ಟಿಲನ್ನು ನೋಡಿದಳು. ಸಾಲು ನೇರವಾಗಿತ್ತು, ಎಲ್ಲೂ ಕೂದಲೆಳೆ ಸೊಟ್ಟವಿರಲಿಲ್ಲ.

"ಬರ್ತೀನಿ," ಎಂದಳು. "ಅವನು ಎಷ್ಟು ಹೊತ್ತಿಗೆ ಏಳ್ತಾನೆ?"