ಕೋಗಿಲೆ ಬಾಯಿ ಮುಚ್ಚಿದ್ದು

ಹುಡುಗಿಯ ಗಂಟಲು ಬಹಳ ಚೆನ್ನಾಗಿತ್ತು. ಫಜೀತಿ ಶುರುವಾದದ್ದೇ ಅಲ್ಲಿಂದ.

ಟೀಚರ್ ಆಗಲು ಓದುತ್ತಿದ್ದ ಅವಳನ್ನು ತರಬೇತಿಗೆಂದು ಒಂದು ಪ್ರಾಥಮಿಕ ಶಾಲೆಗೆ ಕಳಿಸಿ, ಸಂಗೀತದ ಮುಂದಾಳತ್ವವನ್ನು ಅವಳಿಗೆ ವಹಿಸಿದ್ದರು. ತರಬೇತಿ ಮುಗಿಯುವುದರೊಳಗೆ ಅಲ್ಲಿನ ಪ್ರತಿಯೊಬ್ಬ ಮೇಷ್ಟ್ರೂ ತಮ್ಮ ತರಗತಿಗೆ ತಾವೇ ಹಾಡು ಹೇಳಿಕೊಡುವಂತಾಗಬೇಕು. ಒಬ್ಬರು ತಪ್ಪಿದರೂ ಅವಳು ಫೇಲು.

ಮೊದಲ ದಿನ ಸ್ಟಾಫ್ ರೂಮಿನಲ್ಲಿ ಅವಳು ಹಾಡಿದಾಗ ಎಲ್ಲರ ಟೀ ಆರಿಹೋಯಿತು. ಅಲ್ಲೇ ‘ಕೋಗಿಲೆ’ ಎಂದು ಹೆಸರಿಟ್ಟರು. ಮರುದಿನದಿಂದ “ನಮ್ಮ ಕ್ಲಾಸಿಗೂ ಬಂದು ಒಂದು ಹಾಡು ಹೇಳಮ್ಮ” ಎಂಬ ಕರೆಯೋ ಕರೆ. ಕೋಗಿಲೆ ಹಿಗ್ಗಿ ಹೀರೇಕಾಯಿಯಾಗಿ ತರಗತಿಯಿಂದ ತರಗತಿಗೆ ಓಡಿದಳು. ಅವಳು ಮುಂದೆ ನಿಂತು ಹಾಡಿಸುವಾಗ ಟೀಚರುಗಳು ಹಿಂದಿನ ಬೆಂಚಿನಲ್ಲಿ ಕೂತು ಕಾಪಿ ತಿದ್ದುತ್ತಿದ್ದರು. ಗಣಿತದ ಮೇಷ್ಟ್ರಂತೂ ಹಾಯಾಗಿ ಒಂದು ನಿದ್ದೆ ತೆಗೆಯುತ್ತಿದ್ದರು.

ಅವಳ ಕೆಲಸ ನೋಡಲು ಕಾಲೇಜಿನಿಂದ ಬಂದ ಮೇಡಂ ಎಲ್ಲವನ್ನೂ ನೋಡಿ, ಅವಳನ್ನು ಪಕ್ಕಕ್ಕೆ ಕರೆದರು.

“ಮಕ್ಕಳು ಚೆನ್ನಾಗಿ ಹಾಡ್ತಾರೆ. ನೀನು ಹೋದ್ಮೇಲೆ ಯಾರು ಹಾಡಿಸ್ತಾರೆ?”

ಕೋಗಿಲೆ ಪೆಚ್ಚಾದಳು.

“ನೀನು ಮುಂದಾಳು ಆಗಿಲ್ಲ ಕಣಮ್ಮ, ಈ ಶಾಲೆಗೆ ರೇಡಿಯೋ ಆಗಿದೀಯ. ಇನ್ನು ಉಳಿದಿರೋದು ಎರಡೇ ವಾರ.”

ಸಂಜೆ ಮನೆಯಲ್ಲಿ ಅಳುಮೋರೆ ಹಾಕಿ ಕೂತ ಮಗಳನ್ನು ಕಂಡು ಅಮ್ಮನಿಗೆ ನಗು ಬಂತು. “ಮೈಮೇಲೆಲ್ಲ ಚೆಲ್ಕೋತೀಯ ಅಂತ ನಾನೇ ತುತ್ತಿಡ್ತಾ ಹೋಗಿದ್ರೆ ಇವತ್ತಿಗೂ ನಾನೇ ಇಡ್ಬೇಕಾಗ್ತಿತ್ತು. ಚೆಲ್ಕೊಳ್ಳಲಿ ಬಿಡೇ!”

ಟೀಚರುಗಳ ಮುಂದಿನ ಮೀಟಿಂಗಿನಲ್ಲಿ ಅವಳು ಹಾಡಲಿಲ್ಲ. “ಸರ್, ಇವತ್ತು ನೀವು ಶುರು ಮಾಡಿ” ಎಂದು ನೇರವಾಗಿ ಗಣಿತದ ಮೇಷ್ಟ್ರ ಬುಡಕ್ಕೇ ತಂದಿಟ್ಟಳು.

“ನಾನಾ? ನಾನು ಬಾಯಿ ಬಿಟ್ರೆ ನಮ್ಮನೆ ನಾಯೀನೇ ಎದ್ದು ಹೋಗುತ್ತೆ!”

“ಇಲ್ಲಿ ಬಾಗಿಲು ಹಾಕಿದೀವಿ ಸರ್, ಯಾರೂ ಎದ್ದು ಹೋಗಲ್ಲ. ನಿಮಗೆಷ್ಟು ಏರುತ್ತೋ ಅಷ್ಟರಲ್ಲೇ ಹಾಡಿ.”

ಮೇಷ್ಟ್ರು ಪಾತಾಳದಿಂದ ಒಂದು ಸ್ವರ ಎತ್ತಿದರು. ಶಾಲೆಯ ಹೆಡ್ ಮೇಡಂ ಕಿಸಕ್ಕನೆ ನಕ್ಕರು, ನಗುತ್ತಲೇ ದನಿಗೂಡಿಸಿದರು. ಇಷ್ಟು ದಿನ ಕೋಗಿಲೆ ಏರಿದ ಎತ್ತರಕ್ಕೆ ಯಾರ ಗಂಟಲೂ ಎಟುಕಿರಲಿಲ್ಲ. ಮೇಷ್ಟ್ರ ಪಾತಾಳದಲ್ಲಿ ಎಲ್ಲರಿಗೂ ಜಾಗವಿತ್ತು. ತಪ್ಪು ಸ್ವರ ಕೇಳಿದಾಗಲೆಲ್ಲ ಕೋಗಿಲೆಗೆ ಕಿವಿಗೆ ಕಡ್ಡಿ ಹಾಕಿದಂತಾಗುತ್ತಿತ್ತು. ಆದರೂ ತುಟಿ ಕಚ್ಚಿಕೊಂಡು ಮೇಜಿನ ಮೇಲೆ ತಾಳ ಹಾಕುತ್ತ ಕೂತಳು. “ಹಾಡ್ತಾ ಹಾಡ್ತಾ ರಾಗ, ಬಿಡ್ರಪ್ಪ” ಎಂದು ಹೆಡ್ ಮೇಡಂ ಇನ್ನೊಂದು ಸಲ ಹಾಡಿಸಿದರು.

ಒಬ್ಬೊಬ್ಬರೇ ಧೈರ್ಯ ಮಾಡಿ ತರಗತಿಯಲ್ಲೂ ಹಾಡತೊಡಗಿದರು, ಗಣಿತದ ಮೇಷ್ಟ್ರೊಬ್ಬರನ್ನು ಬಿಟ್ಟು. “ನಿಮ್ಮ ಮುಂದೆ ಮಾನ ಹೋದ್ರೆ ಹೋಗಲಿ. ಮಕ್ಕಳ ಮುಂದೆ ಮಾತ್ರ ಆಗಲ್ಲ” ಎಂದು ಅವರು ಪಟ್ಟು ಹಿಡಿದರು.

ಕೊನೆಯ ದಿನ ಕಾಲೇಜಿನ ಮೇಡಂ ಬಂದರು. ಒಂದೊಂದೇ ತರಗತಿ ದಾಟುತ್ತ ಇಬ್ಬರೂ ಗಣಿತದ ಮೇಷ್ಟ್ರ ತರಗತಿಯತ್ತ ನಡೆದಾಗ ಕೋಗಿಲೆಯ ಹೆಜ್ಜೆ ನಿಧಾನವಾಯಿತು.

ಒಳಗೆ ಬೆಂಚು ಬಡಿಯುವ ಸದ್ದು. ಅದರ ನಡುವೆ ಮೇಷ್ಟ್ರ ದನಿ ಒಂದು ಕಡೆ, ಮಕ್ಕಳ ದನಿ ಇನ್ನೊಂದು ಕಡೆ.

“ತಪ್ಪಾಯ್ತು ಕಣ್ರೋ! ನಡೀರಿ, ಮತ್ತೆ ಮೊದಲಿಂದ!”

ಮಕ್ಕಳು ಹೋ ಎಂದು ಕೂಗಿದರು. ಕೋಗಿಲೆಗೆ ತಡೆಯಲಾಗಲಿಲ್ಲ. ಒಂದೇ ಒಂದು ಸ್ವರ ಸರಿ ಮಾಡಿಬಿಡೋಣವೆಂದು ಬಾಗಿಲು ತಳ್ಳಿದಳು. ಹಾಡು ನಿಂತುಹೋಯಿತು. ಮುಂದಿನ ಬೆಂಚಿನ ಪುಟ್ಟ ಹುಡುಗಿಯೊಬ್ಬಳು ಎದ್ದು ಬಂದಳು.

“ಮಿಸ್, ನಮ್ಮ ಸಾರ್ ಹಾಡು ಹೇಳಿಕೊಡ್ತಿದಾರೆ. ನೀವು ಆಮೇಲೆ ಬನ್ನಿ.”

ಹಾಗೆಂದವಳೇ ಬಾಗಿಲು ಹಾಕಿಕೊಂಡಳು.

ಕಾಲೇಜಿನ ಮೇಡಂ ಗೋಡೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು. ಕೋಗಿಲೆ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಅಷ್ಟು ಸಂತೋಷ ಅವಳಿಗೆ ಯಾವ ಚಪ್ಪಾಳೆಯಿಂದಲೂ ಆಗಿರಲಿಲ್ಲ. ಒಳಗೆ ಮೇಷ್ಟ್ರು ಮತ್ತೆ ತಪ್ಪು ಸ್ವರದಲ್ಲೇ ಶುರುಮಾಡಿದರು. ಅವಳು ಹೊರಗೆ ನಿಂತು ಹಾಡು ಮುಗಿಯುವವರೆಗೂ ಕೇಳಿದಳು.